ಚುಕ್ಕಿಯೂ ಗೆರೆಯೂ

ಹಬ್ಬದ ದಿನ ಅಂಗಳವನ್ನು ಸಾರಿಸಿ ರಂಗವಲ್ಲಿಯಿಡುವ ಗೃಹಿಣಿಯು ಮೊದಲು ಚುಕ್ಕಿಗಳನ್ನಿಟ್ಟು, ಅನಂತರ ಗೆರೆಯನ್ನೆಳೆಯುವಳು. ಚುಕ್ಕಿಗಳು ಎಷ್ಟಿರಬೇಕು, ಎಲ್ಲಿರಬೇಕು ಎಂಬುದು ಅವಳ ಇಚ್ಛೆ. ಅಲ್ಲಿ ಚೆಲುವೊಂದೇ ಪ್ರಮಾಣ. ಲೆಕ್ಕವನ್ನು ಚಿತ್ರವಾಗಿ ಬರೆಯುವವನೂ ಚುಕ್ಕಿಯಿಟ್ಟು ಗೆರೆಯೆಳೆಯುವವನೇ. ಆದರೆ ಅವನ ಚುಕ್ಕಿಗಳನ್ನು ಎಲ್ಲಿಡಬೇಕೆಂದು ಹೇಳುವ ಅಧಿಕಾರ ಅವನದಲ್ಲ, ಸತ್ಯದ್ದು. ಈ ಭೇದವನ್ನು ಅರಿಯುವುದೇ ಆ ವಿದ್ಯೆಯ ಓನಾಮ.

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಅರಣ್ಯದ ಅಂಚಿಗೆ, ಮದ್ದೂರು ಇದೆ. ಒಂದು ಮಗ್ಗುಲಿಗೆ ಹೊಲ, ಮತ್ತೊಂದು ಮಗ್ಗುಲಿಗೆ ಹುಲಿಯ ಕಾಡು. ಇಂಥ ಊರಿನಲ್ಲಿ ಹುಲಿಗಳ ಲೆಕ್ಕವು ಬರಿಯ ಪತ್ರಿಕೆಯ ಸುದ್ದಿಯಲ್ಲ. ಕೊಟ್ಟಿಗೆಯ ಹಸುವಿನ ಆಯುಸ್ಸಿಗೆ ಸಂಬಂಧಿಸಿದ ವಿಷಯ.

ಇಲ್ಲಿಯ ಮನೆಯೊಂದರ ಹುಡುಗನು ಆ ಲೆಕ್ಕವನ್ನು ಚಿತ್ರಿಸಿ ಹಿರಿಯರಿಗೆ ತೋರಿಸಲು ಹೊರಟನೆಂದು ಇಟ್ಟುಕೊಳ್ಳಬಹುದು. ಅವನ ಕೈಯಲ್ಲಿರುವುವು ಐದೇ ಅಂಕಿಗಳು. ಕರ್ನಾಟಕದಲ್ಲಿ ಅಂದಾಜು ಮಾಡಲಾದ ಹುಲಿಗಳು 2006ರಲ್ಲಿ 290, 2010ರಲ್ಲಿ 300, 2014ರಲ್ಲಿ 406, 2018ರಲ್ಲಿ 524, 2022ರಲ್ಲಿ 563.

ಹುಡುಗನು ಮೊದಲು ಕಡೆಯ ಎರಡನ್ನು ಮಾತ್ರ ಕಂಬಗಳಾಗಿ ಬರೆಯುವನು. ಕಾಗದ ಸಾಲದೆಂದು ಬುಡವನ್ನು ಸೊನ್ನೆಯಿಂದ ಹಿಡಿಯದೆ 500ರಿಂದ ಹಿಡಿಯುವನು. ಒಂದು ಕಂಬ 24 ಮನೆಯಷ್ಟು, ಇನ್ನೊಂದು 63 ಮನೆಯಷ್ಟು ಏಳುವುದು. ನಿಜವಾದ ಹೆಚ್ಚಳ ನೂರಕ್ಕೆ ಏಳರಷ್ಟು. ಕಣ್ಣಿಗೆ ಕಾಣುವುದು ಎರಡೂವರೆ ಪಾಲಿಗೂ ಮಿಗಿಲು. ಅಂಕಿಯೊಂದೂ ಸುಳ್ಳಲ್ಲ, ಚಿತ್ರ ಮಾತ್ರ ಸುಳ್ಳು. ಕಂಬದ ಉದ್ದವನ್ನೇ ಅಳತೆಯಾಗಿ ಕಣ್ಣು ಓದುವುದರಿಂದ, ಕಂಬದ ಬುಡ ಸೊನ್ನೆಯಲ್ಲಿರಬೇಕೆಂಬುದು ಮೊದಲನೆಯ ನಿಯಮ.

ಇದು ಸಣ್ಣ ತಪ್ಪೆಂದು ನಗುವಂತಿಲ್ಲ. 2025ರ ಜೂನ್ ತಿಂಗಳಲ್ಲಿ ಇದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿಹುಲಿಯೊಂದೂ ಅದರ ನಾಲ್ಕು ಮರಿಗಳೂ ವಿಷದಿಂದ ಸತ್ತುವು. ಹಸುವನ್ನು ಕಳೆದುಕೊಂಡವನ ಸಂಕಟ ಸುಳ್ಳಲ್ಲ. ಆದರೆ ಆ ಸಂಕಟದ ಮುಂದೆ ಇಲ್ಲದ ಭಯವನ್ನು ಇಮ್ಮಡಿಸುವ ಚಿತ್ರವನ್ನು ಹಿಡಿಯುವುದು ಉರಿಯುವ ಒಲೆಗೆ ತರಗು ಹಾಕಿದಂತೆಯೇ.

ಎರಡನೆಯ ಸಲ ಹುಡುಗನು ಚೆಲುವಿಗೆ ಮನಸೋಲುವನು. ಕಂಬಕ್ಕೆ ಬದಲು ಹುಲಿಯನ್ನೇ ಬರೆಯುವನು. 2006ಕ್ಕೊಂದು ಹುಲಿ, 2022ಕ್ಕೆ ಅದರ ಇಮ್ಮಡಿ ಎತ್ತರದ ಮತ್ತೊಂದು. ಸಂಖ್ಯೆಯೂ ಹೆಚ್ಚುಕಡಮೆ ಇಮ್ಮಡಿಯೇ. ಆದರೆ ಎತ್ತರ ಇಮ್ಮಡಿಸಿದಾಗ ಅಗಲವೂ ಇಮ್ಮಡಿಸಿ, ಕಾಗದದ ಮೇಲೆ ಹುಲಿಯು ನಾಲ್ಮಡಿ ಜಾಗವನ್ನು ಹಿಡಿಯುವುದು. ವಿಯೆನ್ನಾ ನಗರದ ಆಟೋ ನ್ಯೂರಾತ್ ಎಂಬ ಪಂಡಿತನು 1920ರ ದಶಕದಲ್ಲಿಯೇ ಇದಕ್ಕೆ ಪರಿಹಾರವನ್ನು ತೋರಿದ್ದನು: ಚಿತ್ರವನ್ನು ಹಿಗ್ಗಿಸಬೇಡ, ಒಂದೇ ಅಳತೆಯ ಚಿತ್ರಗಳನ್ನು ಸಾಲಾಗಿ ಜೋಡಿಸು. ಐವತ್ತಕ್ಕೊಂದು ಹುಲಿಯಂತೆ ಬರೆದರೆ ಮೊದಲ ಸಾಲಿನಲ್ಲಿ ಸುಮಾರು ಆರು, ಕೊನೆಯ ಸಾಲಿನಲ್ಲಿ ಸುಮಾರು ಹನ್ನೊಂದು. ಓದುಬಾರದ ಅಜ್ಜಿಯೂ ಎಣಿಸಿ ತಿಳಿಯಬಲ್ಲಳು.

ಮೂರನೆಯ ಸಲ ಅವನು ಐದು ಚುಕ್ಕಿಗಳನ್ನೂ ಇಟ್ಟು ಗೆರೆ ಕೂಡಿಸುವನು. ಇಲ್ಲಿ ವಿನಯವು ಬೇಕಾಗುವುದು. ಎರಡು ಚುಕ್ಕಿಗಳ ನಡುವಣ ಗೆರೆಯು ಊಹೆಯೇ ಹೊರತು ಎಣಿಕೆಯಲ್ಲ. ಚುಕ್ಕಿಯಾದರೂ ಅಂದಾಜೇ: ಕಾಡಿನಲ್ಲಿ ಕ್ಯಾಮೆರಾಗಳನ್ನು ಕಟ್ಟಿ, ಮೈಯ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಕಾಣದುಳಿದವನ್ನು ಗಣಿತದಿಂದ ಊಹಿಸುವರು. ದೇಶದಲ್ಲೆಲ್ಲ 2018ರಲ್ಲಿ 26,838 ಕಡೆ ಕ್ಯಾಮೆರಾಗಳಿದ್ದರೆ 2022ರಲ್ಲಿ 32,588 ಕಡೆ ಇದ್ದುವು. ನೋಡುವ ಕಣ್ಣುಗಳೇ ಹೆಚ್ಚಿದುವೆಂಬ ಮಾತನ್ನು ಚಿತ್ರದ ಕೆಳಗೆ ಬರೆಯದಿದ್ದರೆ ನೋಡುವವನಿಗೆ ಅರ್ಧ ಸಂಗತಿಯನ್ನು ಮುಚ್ಚಿಟ್ಟಂತಾಗುವುದು.

ಇನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಬರೆಯಬೇಕೆಂಬುದು ಎಲ್ಲಕ್ಕಿಂತ ಕಠಿನ. ಮದ್ದೂರಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನು 2009ರಲ್ಲಿ ನಿಲ್ಲಿಸಲಾಯಿತು. 2010ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ವಾಹನಕ್ಕೆ ಸಿಕ್ಕು ಸತ್ತ ಮೃಗಗಳನ್ನು ವರ್ಷಕ್ಕಿಷ್ಟೆಂದು ಬರೆದರೆ ಕಾಣುವುದು ಒಂದು; ಸತ್ತುದು ಯಾವ ಗಳಿಗೆಯಲ್ಲೆಂದು ಬರೆದರೆ ಕಾಣುವುದು ಬೇರೊಂದು. ರಾತ್ರಿಯ ವಿಚಾರಕ್ಕೆ ಗಳಿಗೆಯ ಚಿತ್ರವೇ ಬೇಕು. ರಾಶಿ ಅದೇ, ಅಳೆಯುವ ಕೊಳಗ ಬೇರೆ.

ಹುಡುಗನ ಕೊನೆಯ ಚಿತ್ರದಲ್ಲಿ ಬಣ್ಣಗಳ ಜಾತ್ರೆಯಿರದು. ಐದು ಕಂಬಗಳು, ಬುಡದಲ್ಲಿ ಸೊನ್ನೆ, ತಲೆಯ ಮೇಲೆ ಅಂಕಿ, ಕೆಳಗೆ ಎರಡು ಸಾಲಿನ ವಿವರಣೆ. ಅದನ್ನು ನೋಡಿದ ತಂದೆಯು ಹೌಹಾರುವುದಿಲ್ಲ, ಹೊಗಳುವುದೂ ಇಲ್ಲ. ಸ್ವಲ್ಪ ಹೊತ್ತು ನೋಡಿ, “ಇದು ರಾಜ್ಯದ ಲೆಕ್ಕವಾಯಿತಪ್ಪ. ಇದರಲ್ಲಿ ನಮ್ಮ ಮದ್ದೂರಿನದು ಎಷ್ಟು?” ಎಂದು ಕೇಳುವನು.

ಹುಡುಗನ ಬಳಿ ಅದಕ್ಕೆ ಅಂಕಿಯಿಲ್ಲ. ಆದರೂ ಅವನ ವಿದ್ಯೆ ಕೈಗೂಡಿತೆಂದು ಹೇಳಬೇಕು. ಮೊದಲನೆಯ ಚಿತ್ರವನ್ನು ಕಂಡಿದ್ದರೆ ತಂದೆಯು ಈ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ.