ಬಲಗಿವಿ

ಜನಿವಾರ ತೆಗೆದು ಹನ್ನೊಂದು ವರ್ಷವಾಯಿತು. ಬಚ್ಚಲಿಗೆ ಹೋದರೆ ಕೈ ಇವತ್ತಿಗೂ ಎದೆ ತಡವಿ, ಏನೂ ಸಿಗದೆ, ಸುಮ್ಮನೆ ಬಲಗಿವಿ ತುರಿಸಿ ವಾಪಸಾಗುತ್ತದೆ. ಬುದ್ಧಿ ಬಿಟ್ಟರೂ ಬೆರಳು ಬಿಟ್ಟಿಲ್ಲ.

ಅಜ್ಜನ ಜನಿವಾರದಲ್ಲಿ ಪೆಟ್ಟಿಗೆಯ ಬೀಗದ ಕೈ, ಎರಡು ಪಿನ್ನು ತೂಗುತ್ತಿದ್ದವು. ನಮ್ಮ ಕಾಲಿನ ಮುಳ್ಳು ತೆಗೆಯಲಿಕ್ಕೆ ಆ ಪಿನ್ನೇ ಆಗಬೇಕು. ಅಂಗಡಿಯ ಜನಿವಾರ ಅವರಿಗೆ ಒಗ್ಗದು. ಜಗಲಿಯಲ್ಲಿ ಕೂತು ತಕಲಿಯಲ್ಲಿ ತಾವೇ ನೂತು, ನಾಲ್ಕು ಬೆರಳಿಗೆ 96 ಸುತ್ತು ಅಳೆದು, ಒಂಬತ್ತು ಎಳೆ ಹೊಸೆದು ಬ್ರಹ್ಮಗಂಟು ಹಾಕುವರು. ನೂಲುವಾಗ ಮಂತ್ರ ಹೇಳಬೇಕಂತೆ. ಅಜ್ಜನ ತುಟಿ ಅಲ್ಲಾಡಿದ್ದು ನಾನು ಕಾಣೆ.

ನಾನು ಬಿಟ್ಟದ್ದು ವಿಚಾರದಿಂದಲ್ಲ, ಪಾಯಸದಿಂದ. ಒಂದು ಮಠದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಗೆಳೆಯನ ಜಾತಿ ಕೇಳಿ ಎಬ್ಬಿಸಿದರು. ಅವನು ಎದ್ದು ಹೋದ. ನನ್ನ ಎಲೆಗೆ ಆಗತಾನೆ ಪಾಯಸ ಬಿದ್ದಿತ್ತು, ಕೂತೇ ಉಂಡೆ. ಆ ರಾತ್ರಿ ಅಂಗಿ ಬಿಚ್ಚಿದಾಗ ದಾರ ಮೈಗೆ ಚುಚ್ಚಿತು. ತೆಗೆದು ಗೂಟಕ್ಕೆ ಹಾಕಿದೆ.

ಆಮೇಲೆ ಓದಿದೆ, ತಪ್ಪು ಮಾಡಿದವನು ಕಾನೂನು ಪುಸ್ತಕ ತಿರುವಿಹಾಕುವ ಹಾಗೆ. ಆಪಸ್ತಂಬ ಧರ್ಮಸೂತ್ರದ ಪ್ರಕಾರ ಗೃಹಸ್ಥ ಹೊದೆಯಬೇಕಾದದ್ದು ಉತ್ತರೀಯ. ಅದರ ಬದಲು ಬರೀ ದಾರವಾದರೂ ನಡೆದೀತು. ಅಂದರೆ ನಾವು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ಒಂದು ರಿಯಾಯಿತಿಯನ್ನು! ಕವಿ ಹರಿಹರನ ಬಸವಣ್ಣ ತೊಟ್ಟಿದ್ದ ಜನಿವಾರವನ್ನು ಕಳೆದೊಗೆದು ಸಂಗಮಕ್ಕೆ ನಡೆದುಬಿಡುತ್ತಾನೆ; ಭೀಮಕವಿಯ 1369ರ ಪುರಾಣದಲ್ಲಿ ಹುಡುಗನಾಗಿದ್ದಾಗಲೇ ಮುಂಜಿ ಬೇಡವೆನ್ನುತ್ತಾನೆ. ನನಗೆ ಹರಿಹರನೇ ಹತ್ತಿರ. ಹಾಕಿಕೊಂಡು ಕಳೆಯುವವನ ಕಷ್ಟ ಬೇರೆ.

ಗಾಂಧೀಜಿಯದು ಇನ್ನೂ ತಮಾಷೆ. 1915ರಲ್ಲಿ ಹರಿದ್ವಾರದ ಕುಂಭಮೇಳಕ್ಕೆ ಹೋದವರು ಋಷಿಕೇಶಕ್ಕೂ ಹೋದರು. ಅಲ್ಲೊಬ್ಬ ಸ್ವಾಮಿಗಳು, ಜುಟ್ಟೂ ಇಲ್ಲ, ಜನಿವಾರವೂ ಇಲ್ಲವಲ್ಲ ಎಂದು ನೊಂದುಕೊಂಡರು. ಗಾಂಧೀಜಿ ಜುಟ್ಟಿಗೆ ಹೂಂ ಅಂದರು, ಜನಿವಾರಕ್ಕೆ ಊಹೂಂ. ಶೂದ್ರರಿಗಿಲ್ಲದ್ದು ಉಳಿದವರಿಗೇಕೆ ಎಂಬುದು ಅವರ ಹಳೆಯ ವಾದ. ದಾರ ಬೇಡವೆಂದ ಆ ಕೈಗಳೇ ಮುಂದೆ ದಿನಾ ನೂಲು ತೆಗೆದವು.

ಅದನ್ನೋದಿದ ವಾರ ಅಟ್ಟ ಹತ್ತಿ ಅಜ್ಜನ ತಕಲಿ ಇಳಿಸಿದೆ. ಹಿಂದೆ ಸಂಧ್ಯಾವಂದನೆಗೆ ಕೂರುತ್ತಿದ್ದ ಹೊತ್ತಿಗೇ ಈಗಲೂ ಕೂರುತ್ತೇನೆ. ಎಡಗೈಯಲ್ಲಿ ಹಂಜಿ, ಬಲಗೈಯಿಂದ ತಕಲಿಗೊಂದು ತಿರುವು. ಹುರಿ ಮೇಲೇರುತ್ತದೆ, ಹತ್ತಿ ಬಿಟ್ಟುಕೊಡುತ್ತದೆ. ಆಫೀಸು ನೆನಪಾದರೆ ಎಳೆ ಕಡಿಯುತ್ತದೆ. ಆ ಪಂಕ್ತಿ ನೆನಪಾದರೂ. ತುದಿಗೆ ತುದಿ ಹಚ್ಚಿ ಮತ್ತೆ ತಿರುಗಿಸುವುದು. ಕೆಲವು ದಿನ ಹತ್ತು ನಿಮಿಷ ಕಡಿಯುವುದೇ ಇಲ್ಲ. ಆಗ ನೂಲುತ್ತಿರುವವರು ಯಾರೋ ತಿಳಿಯದು. 1008 ಗಾಯತ್ರಿ ಎಣಿಸುತ್ತಿದ್ದ ಕಾಲದಲ್ಲಿ ನನಗೆ ಇದು ಸಿಕ್ಕಿರಲಿಲ್ಲ, ಎಣಿಕೆಯಷ್ಟೇ ಸಿಕ್ಕಿತ್ತು.

ಅಮ್ಮ ಮೊದಮೊದಲು ಆಸೆಪಟ್ಟಳು. "ನೂಲ ಹುಣ್ಣಿಮೆ ಬಂತು ಕಣೋ. ಹೆಂಗೂ ನೂತಿದೀಯ, ಒಂದು ಗಂಟು ಹಾಕ್ಬಿಡೋದಲ್ವಾ?" ಈಗ ಕೇಳುವುದಿಲ್ಲ. ಉಂಡೆ ದಪ್ಪವಾದ ಕೂಡಲೇ ಎತ್ತಿಕೊಂಡು ಹೋಗಿ ಮಲ್ಲಿಗೆ ಕಟ್ಟಲು ಕೂರುತ್ತಾಳೆ. ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಬೈಗುಳ ಬರುತ್ತದೆ:

"ಅಪ್ಪಯ್ಯನ ನೂಲು ಹಿಂಗಿರ್ಲಿಲ್ಲ. ಅರ್ಧ ಮೊಳಕ್ಕೇ ಕಡೀತು ನೋಡು!"