ಲಚ್ಯಾಣದ ಕೂಸು

ಊರು ಬಿಟ್ಟವರಿಗೆ ಊರಿನ ಹೆಸರು ಟಿವಿಯಲ್ಲಿ ಕಂಡರೆ ಮೊದಲು ಖುಷಿ, ಹಿಂದೆಯೇ ಭಯ. ನಮ್ಮ ಇಂಡಿ ತಾಲೂಕಿನ ಹಳ್ಳಿಗಳ ಹೆಸರು ಒಳ್ಳೆಯ ಸುದ್ದಿಗಾಗಿ ಅಷ್ಟು ದೊಡ್ಡ ಅಕ್ಷರದಲ್ಲಿ ಬರುವುದು ಅಪರೂಪ ನೋಡಿ! 2024ರ ಏಪ್ರಿಲ್ 3ರ ರಾತ್ರಿ ಜೋಗೇಶ್ವರಿಯ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಟಿವಿಯಲ್ಲಿ 'ಲಚ್ಯಾಣ' ಎಂದು ಬಂತು. ಸುಮಾರು ಎರಡು ವರ್ಷದ ಗಂಡು ಕೂಸು ಸಂಜೆ ಆಡುತ್ತಾ ಹೋಗಿ, ಹೊಲದಲ್ಲಿ ಹೊಸದಾಗಿ ಕೊರೆದ ಕೊಳವೆಬಾವಿಯೊಳಗೆ ತಲೆಕೆಳಗಾಗಿ ಬಿದ್ದಿತ್ತು.

"ಟಿವಿ ಬಂದ್ ಮಾಡು" ಎಂದೆ.

"ಯಾಕ್ರಿ? ಇನ್ನೂ ಜೀವ ಐತಂತ" ಎಂದಳು ಹೆಂಡತಿ.

ನನಗೆ ನಂಬಿಕೆ ಇರಲಿಲ್ಲ. 2006ರಲ್ಲಿ ಹರಿಯಾಣದ ಹಲ್ದೇಹೇರಿಯ ಹುಡುಗ ಸುಮಾರು ಐವತ್ತು ತಾಸಿನ ಮೇಲೆ ಬದುಕಿ ಬಂದದ್ದನ್ನು ದೇಶವೇ ನೋಡಿತ್ತು, ನಿಜ. ಆದರೆ ನಮ್ಮ ಕಡೆ? 2014ರ ಜೂನ್‌ನಲ್ಲಿ ವಿಜಯಪುರದ ಹತ್ತಿರದ ನಾಗಠಾಣ, ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿ, 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡ. ಮೂರನ್ನೂ ಇಲ್ಲಿಂದಲೇ ನೋಡಿದ್ದೆ. ಮೂರು ಮಕ್ಕಳೂ ಉಳಿಯಲಿಲ್ಲ.

ಹೆಂಡತಿಗೆ ಹೇಳದ ಇನ್ನೊಂದು ಕಾರಣವೂ ಇತ್ತು. ಮುಂಬಯಿಗೆ ವರ್ಗವಾಗುವ ಮೊದಲು ನಾನು ಊರ ಕಡೆಯ ಶಾಖೆಗಳಲ್ಲಿ ಬೋರಿನ ಸಾಲ ಮಂಜೂರು ಮಾಡುತ್ತಿದ್ದವನು. ಹೊಲಕ್ಕೆ ಹೋಗಿ ಹಣ ಸರಿಯಾಗಿ ಖರ್ಚಾಗಿದೆಯೇ ಎಂದು ನೋಡಿ ಸಹಿ ಹಾಕುತ್ತಿದ್ದೆ. ನೀರು ಬೀಳದಿದ್ದರೆ ರೈತ ಕೇಸಿಂಗ್ ಪೈಪ್ ಕಿತ್ತು ಮುಂದಿನ ಬೋರಿಗೆ ಒಯ್ಯುತ್ತಿದ್ದ. ಪಾಪ, ಅದೂ ಸಾಲದ್ದೇ. ನೆಲದಲ್ಲಿ ಗೇಣಗಲದ ಬಾಯಿ ಉಳಿಯುತ್ತಿತ್ತು. ಅದನ್ನು ಮುಚ್ಚಿದೆಯಾ ಎಂದು ನಾನು ಒಬ್ಬನನ್ನೂ ಕೇಳಲಿಲ್ಲ. ಕೇಳುವ ಕಾಲಂ ಫಾರ್ಮಿನಲ್ಲಿ ಇರಲಿಲ್ಲ.

ಟಿವಿ ಬಂದ್ ಆಗಲಿಲ್ಲ. ಮಧ್ಯರಾತ್ರಿ ಇಂಡಿಯಿಂದ ತಮ್ಮನ ಫೋನ್. ಅವನೂ ಅಲ್ಲಿಗೆ ಹೋಗಿದ್ದ.

"ಅಣ್ಣಾ, ಕ್ಯಾಮೆರಾ ಬಿಟ್ಟು ನೋಡ್ಯಾರ. ಕೂಸು ಕಾಲ ಅಲ್ಲಾಡ್ಸಾಕತ್ತೈತಿ!"

ಆಮೇಲೆ ಎದ್ದು ಹೋಗಲಾಗಲಿಲ್ಲ. ಕೂಸು ಹದಿನಾರು ಅಡಿಗೂ ಕೆಳಗೆ ಸಿಕ್ಕಿಕೊಂಡಿತ್ತು. ಪೈಪಿನಲ್ಲಿ ಆಮ್ಲಜನಕ ಬಿಡುತ್ತಿದ್ದರು. ಪಕ್ಕದಲ್ಲಿ ಇಪ್ಪತ್ತು ಅಡಿಯಷ್ಟು ಗುಂಡಿ ತೋಡಿ, ಅಲ್ಲಿಂದ ಅಡ್ಡಕ್ಕೆ ಕೊರೆದು ಮುಟ್ಟಬೇಕು. ನಡುವೆ ಗಟ್ಟಿ ಕಲ್ಲು. ಯಂತ್ರ ಜೋರಾಗಿ ಬಿಟ್ಟರೆ ಮಣ್ಣು ಕೂಸಿನ ಮೇಲೆ ಕುಸಿಯುವ ಭಯ.

ನಿದ್ದೆಯಿಲ್ಲದೆ ಬೆಳಗ್ಗೆ ಗುಹೆಯ ಕಡೆ ನಡೆದೆ. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಜೋಗೇಶ್ವರಿ ದೇವಿ ಇರುವುದು ಆರನೇ ಶತಮಾನದ ಆ ಗುಹೆಯಲ್ಲೇ. ಸುತ್ತ ಮನೆಗಳು ಒತ್ತಿ ನಿಂತಿವೆ. ಮೆಟ್ಟಿಲಿಳಿದು ಒಳಗೆ ಹೋದರೆ ಕತ್ತಲು, ತಂಪು. ಎಷ್ಟೋ ಸಲ ಬಂದ ಜಾಗ. ಅಂದು ಮಾತ್ರ ತಲೆಯ ಮೇಲಿನ ಕಲ್ಲು ಭಾರವೆನಿಸಿತು. ಇದೂ ಯಾರೋ ಉಳಿ ಹಿಡಿದು ಒಂದೊಂದೇ ಚಕ್ಕೆ ಎಬ್ಬಿಸಿ ಕೆತ್ತಿದ್ದಲ್ಲವೇ? ದೇವಿಯ ಮುಂದೆ ನಿಂತು ನಾನು ಬೇಡಿದ್ದು ಇಷ್ಟೇ: "ತಾಯಿ, ಅವರ ಕೈ ಸೋಲದಿರಲಿ."

ಮಧ್ಯಾಹ್ನ ಎರಡರ ಸುಮಾರಿಗೆ ಕೂಸು ಹೊರಗೆ ಬಂತು. ಇಪ್ಪತ್ತು ತಾಸು! ಜೀವಂತ! ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಅಗ್ನಿಶಾಮಕ ದಳದವರು ರಾತ್ರಿಯಿಡೀ ಮಲಗದೆ ದುಡಿದಿದ್ದರು. ಆಂಬುಲೆನ್ಸ್ ಇಂಡಿ ಆಸ್ಪತ್ರೆಗೆ ಓಡಿತು. ಹೆಂಡತಿ ಅಳುತ್ತಿದ್ದಳು. ನಾನೂ ಅತ್ತೆ. ಇದನ್ನು ಪವಾಡ ಎನ್ನುವವರು ಎನ್ನಲಿ, ತಕರಾರಿಲ್ಲ. ನನ್ನ ನಂಬಿಕೆ ಮರಳಿದ್ದು ಮಾತ್ರ, ಕಲ್ಲು ಬಂತೆಂದು ಕೈ ಚೆಲ್ಲದ ಆ ಮಂದಿಯನ್ನು ನೋಡಿ.

ಸಂಜೆ ತಮ್ಮನಿಗೆ ಫೋನ್ ಮಾಡಿದೆ. "ನಮ್ಮ ಹೊಲದಾಗ ಬೇವಿನಗಿಡದ ಕೆಳಗಿನ ಫೇಲ್ ಬೋರ್ ಏನಾಗೈತಿ?"

"ಅದಕ್ಕ ಕಲ್ಲ ಇಟ್ಟೇನಲ್ಲ ಅಣ್ಣಾ."

"ಕಲ್ಲ ಸರೀತೈತಿ. ತಳದಿಂದ ಮಣ್ಣು ತುಂಬಸು. ರೊಕ್ಕ ನಾ ಕಳಸ್ತೀನಿ."

ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹದಿನಾಲ್ಕು ವರ್ಷ ನಮ್ಮ ಹೊಲದಲ್ಲೇ ಅದು ನಡೆದಿರಲಿಲ್ಲ.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಮೊದಲು ಹೊಲಕ್ಕೇ ಹೋದೆ. ತುಂಬಿಸಿದ್ದ. ಮೇಲೆ ಹುಲ್ಲು ಬೆಳೆದಿತ್ತು. ಚಪ್ಪಲಿ ಬಿಟ್ಟು ಅದರ ಮೇಲೆ ಸ್ವಲ್ಪ ಹೊತ್ತು ನಿಂತು ಬಂದೆ.