ಕೇರಾಫ್ ವಿಳಾಸ

ಮಲೆನಾಡಿನಲ್ಲಿ ಊರೆಂದರೆ ಬೀದಿಯಲ್ಲ. ಬಯಲುಸೀಮೆಯ ಮಿತ್ರರಿಗೆ ಇದನ್ನು ಎಷ್ಟು ಸಲ ಹೇಳಿದರೂ ನಂಬಿಕೆ ಬಾರದು. ನಮ್ಮ ಕಡಹಿನಬೈಲಿನ ಕಡೆ ಒಂದು ಮನೆ ಗುಡ್ಡದ ಈ ಮಗ್ಗುಲಲ್ಲಿದ್ದರೆ ಇನ್ನೊಂದು ಆ ಮಗ್ಗುಲಲ್ಲಿ. ನಡುವೆ ಒಂದು ಅಡಕೆ ತೋಟ, ಒಂದು ಹಳ್ಳ, ಎರಡು ಉಣುಗೋಲು. ಇಂಥ ಮನೆಗಳನ್ನು ಹುಡುಕಿಕೊಂಡು ಅಂಚೆಯವನು ಎಷ್ಟೆಂದು ನಡೆದಾನು? ಆದುದರಿಂದ ನಮ್ಮ ಹಿರಿಯರು ಒಂದು ಸುಲಭೋಪಾಯವನ್ನು ಕಂಡುಕೊಂಡಿದ್ದರು. ಕಾಗದದ ಮೇಲೆ ತಮ್ಮ ಹೆಸರು, ಅದರ ಕೆಳಗೆ 'ಕೇರಾಫ್' ಎಂದು ಬಸ್ಸು ನಿಲ್ಲುವ ಕಡೆಯ ಅಂಗಡಿಯವರ ಹೆಸರು. ಕಾಗದ ಅಂಗಡಿಗೆ ಬರುತ್ತಿತ್ತು; ಅಲ್ಲಿಂದ ಮುಂದೆ ಉಪ್ಪಿಗೋ ಸೀಮೆಎಣ್ಣೆಗೋ ಬಂದ ನೆರೆಯವರ ಕೈಯಲ್ಲಿ ಮನೆ ಸೇರುತ್ತಿತ್ತು.

ಪೋರ್ಟ್ ಫಾರ್ವರ್ಡಿಂಗ್ ಎಂಬ ವಿದ್ಯೆಯ ವಿಷಯ ಬರೆಯಹೊರಟವನು ಅಂಗಡಿಯ ಕತೆಯನ್ನೇಕೆ ತೆಗೆದನೆಂದು ವಾಚಕರು ಹುಬ್ಬೇರಿಸಬಾರದು. ಹೇಳಿ ಕೇಳಿ ನಾನು ಕಲಾ ವಿಭಾಗದವನು. ಆ ವಿದ್ಯೆ ನನ್ನ ತಲೆಗೆ ಹತ್ತಿದ್ದೇ ಈ ಅಂಗಡಿಯ ಮೂಲಕ.

ಕಳೆದ ಕೊಯ್ಲಿನ ಹೊತ್ತಿಗೆ ಅಪ್ಪಯ್ಯ ಮನೆಗೆ ನಾಲ್ಕು ಕ್ಯಾಮೆರಾ, ಒಂದು ರೆಕಾರ್ಡರು ಹಾಕಿಸಿದರು. ಅಂಗಳದಲ್ಲಿ ಒಣಗುವ ಅಡಕೆಯೆಂದರೆ ವರ್ಷದ ಅನ್ನವೇ ಹರವಿದಂತೆ, ಕಾವಲು ಬೇಡವೆ? ಬೆಂಗಳೂರಿನ ಬ್ಯಾಂಕಿನಲ್ಲಿರುವ ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿದ್ದೇ ತಡ, ಫೋನು ಬಂದಿತು. ಅಪ್ಪಯ್ಯ ಅಮ್ಮ ತೋಟಕ್ಕಿಳಿದರೆ ಮನೆಯಲ್ಲಿ ಅಜ್ಜಿ ಒಬ್ಬರೇ. "ಅಮ್ಮ ಹ್ಯಾಗಿದ್ದಾಳೆ ಅಂತ ಇಲ್ಲಿಂದಲೇ ನೋಡೋ ಹಾಗೆ ಮಾಡಿಕೊಡು ಮಾರಾಯ" ಎಂದರು. ಕ್ಯಾಮೆರಾ ತಯಾರಿಸಿದವರ ಆ್ಯಪಿನ ಮೂಲಕ ಹೋದರೆ ಕೆಲಸ ಸುಲಭ. ಆದರೆ ನಮ್ಮ ಅಂಗಳದ ಚಿತ್ರ ಎಲ್ಲಿಯದೋ ಗುರುತಿಲ್ಲದ ಯಂತ್ರವನ್ನು ಹಾದುಹೋಗುವುದು ಚಿಕ್ಕಪ್ಪನಿಗೂ ಒಪ್ಪಿಗೆಯಿರಲಿಲ್ಲ, ನನಗೂ ಇರಲಿಲ್ಲ. ನೇರ ದಾರಿಯೇ ಆಗಬೇಕೆಂದು ನಿಶ್ಚಯವಾಯಿತು.

ಮನೆಯ ರೂಟರು ನಮ್ಮ ಆ ಅಂಗಡಿಯವರ ಹಾಗೆ. ಒಳಗೆ ಅಪ್ಪಯ್ಯನ ಫೋನು, ನನ್ನ ಫೋನು, ಟೀವಿ, ರೆಕಾರ್ಡರು ಎಷ್ಟೇ ಇದ್ದರೂ ಹೊರಲೋಕಕ್ಕೆ ಕಾಣುವ ವಿಳಾಸ ಒಂದೇ. ಒಳಗಿನವರಿಗೆ 192.168 ಎಂದು ಮೊದಲಾಗುವ ಮನೆಮಟ್ಟಿನ ಸಂಖ್ಯೆಗಳು; ಊರೂರಿನ ಮನೆಮನೆಯಲ್ಲೂ ಅವೇ ಇರುವುದರಿಂದ ಹೊರಗೆ ಅವಕ್ಕೆ ಚಲಾವಣೆಯಿಲ್ಲ. ನಾನು ಒಳಗಿನಿಂದ ಕಾಗದ ಬರೆದರೆ ಬರೆದವರಾರೆಂದು ರೂಟರು ನೆನಪಿಟ್ಟು, ಉತ್ತರ ಬಂದಾಗ ನನಗೇ ತಲಪಿಸುತ್ತದೆ. ನಾವು ಬರೆಯದೆ ತಾನಾಗಿ ಬಂದ ಕಾಗದ ಯಾರಿಗೆ ಸೇರಬೇಕೋ ಅದಕ್ಕೆ ತಿಳಿಯದು, ಬಿಸಾಡಿಬಿಡುತ್ತದೆ. ಚಿಕ್ಕಪ್ಪ ಬೆಂಗಳೂರಿನಿಂದ ಎಷ್ಟು ತಟ್ಟಿದರೂ ಒಳಗೆ ಕೇಳದಿರುವುದು ಇದರಿಂದಲೇ.

ಇನ್ನು ಪೋರ್ಟು. ಒಂದೊಂದು ವಿಳಾಸಕ್ಕೂ 0 ಯಿಂದ 65,535 ರ ವರೆಗೆ ಬಾಗಿಲುಗಳುಂಟು. ವೆಬ್ ಪುಟಗಳಿಗೆ 80 ಮತ್ತು 443. ಕ್ಯಾಮೆರಾದ ಚಲಿಸುವ ಚಿತ್ರಕ್ಕೆ ಸಾಮಾನ್ಯವಾಗಿ 554. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಅಂಗಡಿಯವರಿಗೆ ಮೊದಲೇ ಹೇಳಿಟ್ಟ ಮಾತು: "ಇಂಥ ಸಂಖ್ಯೆಯ ಕಾಗದ ಬಂದರೆ ಕೇಳುವುದೇ ಬೇಡ, ಮೇಲಿನ ಮನೆಗೆ ಕಳುಹಿಸಿ." ಇದಕ್ಕೆ ಮುಂಚೆ ರೆಕಾರ್ಡರಿನ ಒಳವಿಳಾಸ ದಿನಕ್ಕೊಂದಾಗದಂತೆ ರೂಟರಿನಲ್ಲಿ ಅದಕ್ಕೊಂದು ಸಂಖ್ಯೆಯನ್ನು ಕಾದಿರಿಸಬೇಕು. ಆ ಮೇಲೆ ರೂಟರಿನ ಪುಟದಲ್ಲಿ ಹೊರಗಿನ ಬಾಗಿಲು ಯಾವುದು, ಒಳಗಿನ ವಿಳಾಸ ಯಾವುದು, ಒಳಗಿನ ಬಾಗಿಲು ಯಾವುದು, ಟಿಸಿಪಿಯೋ ಯುಡಿಪಿಯೋ ಎಂಬ ನಾಲ್ಕು ಅಂಕಣ ತುಂಬಿ ಉಳಿಸಿದರೆ ಮುಗಿಯಿತು. ಬಸ್ಸಿನ ಪಾಸಿನ ಅರ್ಜಿಯಲ್ಲಿ ಇದಕ್ಕಿಂತ ಹೆಚ್ಚು ಅಂಕಣಗಳಿರುತ್ತವೆ.

ಆದರೆ ಬರೆದುಕೊಟ್ಟ ಮಾತ್ರಕ್ಕೆ ಕಾಗದ ಬರುವುದೆಂದು ಯಾರು ಹೇಳಿದರು? ರೂಟರು ತನ್ನ ಹೊರವಿಳಾಸವೆಂದು ತೋರಿಸಿದ ಸಂಖ್ಯೆ 100.72 ಎಂದು ಮೊದಲಾಗುತ್ತಿತ್ತು. 100.64 ರಿಂದ 100.127 ರ ವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕಂಪೆನಿಗಳ ಒಳಬಳಕೆಗೆಂದೇ ಮೀಸಲಿಡಲಾಗಿದೆ. ಎಂದರೆ ನಮ್ಮ ಅಂಗಡಿಯವರಿಗೇ ಸ್ವಂತ ವಿಳಾಸವಿಲ್ಲ. ಅವರು ಪೇಟೆಯ ದೊಡ್ಡ ಅಂಗಡಿಯ ಕೇರಾಫ್! ಹೀಗಾಗಲು ಕಾರಣವೂ ಉಂಟು. 1981ರಲ್ಲಿ ರೂಪಿಸಿದ ವಿಳಾಸದ ಪದ್ಧತಿಯಲ್ಲಿ ಒಟ್ಟು ಇರುವುದು 429 ಕೋಟಿ ಚಿಲ್ಲರೆ ಸಂಖ್ಯೆಗಳು. ಭೂಮಿಯ ಮೇಲೆ ಅದಕ್ಕಿಂತ ಹೆಚ್ಚು ಜನರಿದ್ದೇವೆ, ಜನಕ್ಕೊಂದು ಫೋನು ಬೇರೆ. 2011ರ ಫೆಬ್ರವರಿಯಲ್ಲಿ ಜಾಗತಿಕ ಉಗ್ರಾಣದ ಕೊನೆಯ ಗಂಟುಗಳನ್ನೂ ಹಂಚಿ ಆಯಿತು. ಅಂದಿನಿಂದ ನೂರಾರು ಮನೆಗಳು ಒಂದೇ ವಿಳಾಸದ ಆಸರೆಯಲ್ಲಿ ಬಾಳುತ್ತಿವೆ.

ನಾವು ಕಂಪೆನಿಯವರಿಗೆ ಫೋನು ಮಾಡಿ ಕೇಳಿಕೊಂಡೆವು. ನಾಲ್ಕಾರು ದಿನಗಳಲ್ಲಿ ನಮ್ಮನ್ನು ಸಾರ್ವಜನಿಕ ವಿಳಾಸಕ್ಕೆ ಬದಲಾಯಿಸಿದರು. ಆದರೆ ಅದು ಕಾಯಂ ಅಲ್ಲ. ಕಾಯಂ ಬೇಕಾದರೆ ತಿಂಗಳ ಬಾಡಿಗೆ ಬೇರೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ, ಮರಳಿ ಬರುವಾಗ ರೂಟರಿಗೆ ಹೊಸ ವಿಳಾಸ. ಇದಕ್ಕೂ ಮದ್ದುಂಟು: ವಿಳಾಸ ಎಷ್ಟು ಸಲ ಬದಲಾದರೂ ಒಂದೇ ಹೆಸರಿಗೆ ಅದನ್ನು ಜೋಡಿಸಿಕೊಡುವ ಡೈನಮಿಕ್ ಡಿಎನ್ಎಸ್ ಎಂಬ ವ್ಯವಸ್ಥೆ. ನಮ್ಮ ತಾಲ್ಲೂಕು ಕೇಂದ್ರ ಇದ್ದಲ್ಲಿಯೇ ಇದ್ದು, ಎಡೇಹಳ್ಳಿಯೆಂಬ ಅದರ ಹೆಸರು ಯುವರಾಜರ ನೆನಪಿಗಾಗಿ 1915ರಲ್ಲಿ ನರಸಿಂಹರಾಜಪುರವೆಂದಾಯಿತು. ಇಲ್ಲಿ ಹೆಸರು ಇದ್ದಂತೆಯೇ ಇದ್ದು ಊರೇ ಅತ್ತಿತ್ತ ಚಲಿಸುತ್ತದೆ, ಅಷ್ಟೇ ವ್ಯತ್ಯಾಸ.

ಇಷ್ಟಾಗುವಾಗ ಅಜ್ಜಿ ಜಗಲಿಯ ಮೇಲೆ ಕುಳಿತು ಕವಳ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳುತ್ತಿದ್ದರು. "ಎಂತದು ಮಾರಾಯ ನೀನು ಮಾಡ್ತಿರೋದು?" ಎಂದರು. ಚಿಕ್ಕಪ್ಪನಿಗೆಂದು ಒಂದು ಬಾಗಿಲು ತೆಗೆಯುತ್ತಿದ್ದೇನೆ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಅವನಿಗೆ ಅಂತ ತೆಗೆದ ಬಾಗಿಲಲ್ಲಿ ಬೇರೆಯವರು ಇಣುಕಿದರೆ ನಮಗೆ ಗೊತ್ತಾಗೋದು ಹ್ಯಾಗೆ?" ಎಂದರು.

ಇಡೀ ವಿದ್ಯೆಯ ಮರ್ಮ ಈ ಒಂದು ಪ್ರಶ್ನೆಯಲ್ಲಿತ್ತು. ರೂಟರಿಗೆ ನಾವು ಹೇಳುವುದು '554 ಬಂದರೆ ಒಳಗೆ ಬಿಡು' ಎಂದೇ ಹೊರತು 'ಚಿಕ್ಕಪ್ಪ ಬಂದರೆ ಒಳಗೆ ಬಿಡು' ಎಂದಲ್ಲ. ಅಂತರ್ಜಾಲದ ವಿಳಾಸಗಳನ್ನೆಲ್ಲ ಹಗಲಿರುಳೂ ತಟ್ಟಿ ನೋಡುವುದನ್ನೇ ಕಸುಬು ಮಾಡಿಕೊಂಡ ಯಂತ್ರಗಳಿವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹೀಗೆಯೇ 23 ನೆಯ ಬಾಗಿಲನ್ನು ತಟ್ಟುತ್ತ ಹೋಗಿ, ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರು, ರೂಟರುಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಇಂಥ ಪಡೆಯ ದಾಳಿಗೆ ಸಿಕ್ಕಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಗಂಟೆಗಟ್ಟಲೆ ಅನೇಕರಿಗೆ ಸಿಗದೆ ಹೋದವು. ಮಿರಾಯನ್ನು ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ತರುಣರು, ನಮ್ಮ ನಿಮ್ಮ ವಯಸ್ಸಿನವರು. 2017ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು. ಮನೆ ಕಾಯಲೆಂದು ತಂದ ಕ್ಯಾಮೆರಾವೇ ಕಳ್ಳರ ಕೂಲಿಯಾಗುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಆದ್ದರಿಂದ 554 ನೆಯ ಬಾಗಿಲನ್ನು ತೆಗೆಯಲೇ ಇಲ್ಲ. ಅದರ ಬದಲು ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರನ್ನು ತಂದು ಅದರಲ್ಲಿ ವೈರ್‌ಗಾರ್ಡ್ ಎಂಬ ತಂತ್ರಾಂಶವನ್ನಿರಿಸಿದೆ. ರೂಟರಿನಲ್ಲಿ ಬರೆದದ್ದು ಒಂದೇ ಸಾಲು: ಯುಡಿಪಿ 51820 ಈ ಕಂಪ್ಯೂಟರಿಗೆ. ಇದರ ಸ್ವಭಾವ ನಮ್ಮೂರಿನ ಮುಂಗಟ್ಟಿನವರದು. ಬೀಗದ ಕೈ ಇಲ್ಲದವನು ಎಷ್ಟು ತಟ್ಟಿದರೂ 'ಯಾರು?' ಎಂದೂ ಕೇಳದು; ಒಳಗೆ ಜನರಿದ್ದಾರೆಂಬ ಸುಳಿವನ್ನೇ ಕೊಡದು. ಆ ಕೈ ಇರುವುದು ಚಿಕ್ಕಪ್ಪನ ಫೋನಿನಲ್ಲಿ ಮಾತ್ರ. ರೆಕಾರ್ಡರಿನ ಪಾಸ್‌ವರ್ಡನ್ನು ಬದಲಾಯಿಸಿ, ಯಂತ್ರಗಳು ತಾವಾಗಿಯೇ ಬಾಗಿಲು ತೆರೆಸಿಕೊಳ್ಳುವ ಯುಪಿಎನ್‌ಪಿ ಎಂಬ ಸೌಲಭ್ಯವನ್ನೂ ರೂಟರಿನಲ್ಲಿ ಆರಿಸಿದೆ.

ಅಜ್ಜಿಯ ಎರಡನೆಯ ಆಕ್ಷೇಪಣೆಗೆ ಮಾತ್ರ ಯಾವ ಸಂಖ್ಯೆಯಲ್ಲೂ ಉತ್ತರವಿರಲಿಲ್ಲ. "ಅವನು ನನ್ನ ನೋಡಬೇಕಾದರೆ ನಾನೂ ಅವನ ನೋಡೋದು ಬೇಡವಾ? ಬಸ್ಸು ಹತ್ತಿ ಬರಲಿ." ಜಗಲಿಯ ಕ್ಯಾಮೆರಾವನ್ನು ಅಪ್ಪಯ್ಯ ಮಾತಿಲ್ಲದೆ ಅಂಗಳದ ಮೆಟ್ಟಿಲಿನ ಕಡೆಗೆ ತಿರುಗಿಸಿದರು. ಮೆಟ್ಟಿಲಲ್ಲಿ ಜಾರಿದರೆ ಚಿಕ್ಕಪ್ಪನಿಗೆ ಕಾಣುತ್ತದೆ. ಕವಳ ಹಾಕಿಕೊಂಡು ಕುಳಿತರೆ ಕಾಣುವುದಿಲ್ಲ. ಇಬ್ಬರಿಗೂ ಒಪ್ಪಿಗೆಯಾಯಿತು.

ಆಮೇಲೊಂದು ಮಧ್ಯಾಹ್ನ ಚಿಕ್ಕಪ್ಪನ ಫೋನು: "ಅಂಗಳ ಕಪ್ಪಾಗ್ತಿದೆ, ಅಡಕೆ ಮುಚ್ಚಿ!" ಒಳಗಿದ್ದ ನಾವು ಓಡಿ ಟಾರ್ಪಾಲು ಎಳೆಯುವಷ್ಟರಲ್ಲಿ ಹನಿ ಶುರುವಾಯಿತು. "ಮಳೆ ನಮಗಿಂತ ಮೊದಲು ಬೆಂಗಳೂರಿನವನಿಗೆ ಬಂತಲ್ಲ" ಎಂದು ಅಜ್ಜಿ ನಕ್ಕರು. ಯುಗಾದಿಗೆ ಚಿಕ್ಕಪ್ಪ ಬಸ್ಸು ಹತ್ತಿಯೂ ಬಂದರು.

ಅಂದಿನ ಅಂಗಡಿಯವರಿಗೆ ಮುಖದ ಪರಿಚಯವಿತ್ತು. ಕಾಗದ ಕೊಡುವ ಮುನ್ನ ಕೈ ಯಾರದೆಂದು ನೋಡುತ್ತಿದ್ದರು. ಇಂದಿನ ಈ ಅಂಗಡಿಯವರಿಗೆ ಸಂಖ್ಯೆಯ ಪರಿಚಯವಷ್ಟೆ. ಆದಕಾರಣ ಮುಖ ನೋಡುವ ಕೆಲಸ ಮನೆಯವರ ಪಾಲಿಗೆ ಬಂದಿದೆ. ಮನೆಯಲ್ಲಿ ರೂಟರಿರುವ ಸಹಪಾಠಿಗಳು ಈ ರಜೆಯಲ್ಲಿ ಒಮ್ಮೆ ಅದರ ಪುಟವನ್ನು ತೆರೆದು, ಯಾವ ಯಾವ ಬಾಗಿಲಿಗೆ ಏನೇನು ಬರೆದಿದೆಯೆಂದು ಓದಿ ನೋಡಲಿ. ಯಾರಿಗಾಗಿ ತೆಗೆದದ್ದೆಂದು ಮನೆಯಲ್ಲಿ ಒಬ್ಬರಿಗೂ ಹೇಳಲು ಬಾರದ ಸಾಲು ಕಂಡರೆ, ಅದನ್ನು ಅಳಿಸಿಬಿಡಲಿ.